ಹೊಳಪಲ್ಲ, ಶ್ರುತಿ

ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ನಮ್ಮ ಮನೆ. ಕಾಲೇಜು ಸೇರಿದ ಮಗಳು ಒಂದು ದಿನ, ‘ಪೆಡಲ್ ಸ್ಟೀಲ್ ಗಿಟಾರ್ ಕಲೀತೀನಿ ಅಪ್ಪಾ’ ಎಂದಳು. ‘ಓದು ಹಾಳಾಗುತ್ತೆ’ ಎಂದು ಗದರಿದೆ. ಹೊಸದರ ಬೆಲೆ ಕೇಳಿದ ಮೇಲಂತೂ ಎದೆ ಧಸಕ್ಕೆಂದಿತು. ಅವಳು ಹಟ ಬಿಡಲಿಲ್ಲ. ಕೊನೆಗೆ 1970ರ ದಶಕದ ಹಳೆಯದೊಂದನ್ನು ನೋಡಲು ಇಬ್ಬರೂ ಹೋದೆವು.

ಮೇಜಿನಂತೆ ಕಾಲುಗಳ ಮೇಲೆ ನಿಂತ ವಾದ್ಯ. ಹತ್ತು ತಂತಿ, ಕೆಳಗೆ ಮೂರು ಪೆಡಲು, ಮೊಣಕಾಲಿನಿಂದ ತಳ್ಳುವ ಲಿವರುಗಳು. ಪೆಡಲು ಒತ್ತಿದರೆ ತಂತಿ ಬಿಗಿಯಾಗಿ ಸ್ವರ ಏರುತ್ತದೆ. 1954ರಲ್ಲಿ ಬಿಡುಗಡೆಯಾದ ವೆಬ್ ಪಿಯರ್ಸ್ ಅವರ ‘ಸ್ಲೋಲಿ’ ಹಾಡಿಗೆ ಬಡ್ ಐಸಾಕ್ಸ್ ಹೀಗೆ ನುಡಿಸಿದ ಮೇಲೆ ಕಂಟ್ರಿ ಸಂಗೀತಗಾರರೆಲ್ಲ ಇದರ ಬೆನ್ನು ಹತ್ತಿದರು.

ಮರದ ಹೊಳಪಿಗೆ ಮರುಳಾಗಿ ನಾನು ಜೇಬಿಗೆ ಕೈ ಹಾಕಿದ್ದೆ. ಮಗಳು ತಡೆದಳು. ಗುರುಗಳು ಹೇಳಿಕೊಟ್ಟಂತೆ ಟ್ಯೂನರ್ ಜೋಡಿಸಿ, ಒಂದೊಂದೇ ಪೆಡಲನ್ನು ಹತ್ತಾರು ಸಲ ಒತ್ತಿ ಬಿಟ್ಟಳು. ಬಿಟ್ಟಾಗ ತಂತಿ ಮೊದಲಿನ ಶ್ರುತಿಗೇ ಮರಳಬೇಕು. ಒಂದು ತಂತಿ ಮರಳಲಿಲ್ಲ. ವಾದ್ಯವನ್ನು ಬೋರಲು ಹಾಕಿ ಟಾರ್ಚ್ ಬಿಟ್ಟಳು. ಮರ ಸೀಳಿರಲಿಲ್ಲ, ಸರಳುಗಳು ಬಾಗಿರಲಿಲ್ಲ. ಹಳೆಯ ಎಣ್ಣೆಗೆ ಧೂಳು ಕೂಡಿ ಅಂಟಾಗಿತ್ತು. ‘ಸವೆತ ಅಲ್ಲಪ್ಪಾ, ಬರೀ ಕೊಳೆ’ ಎಂದಳು. ಮಾರುತ್ತಿದ್ದ ಹಿರಿಯರು ನಕ್ಕು ಬೆಲೆ ಇಳಿಸಿದರು.

ಎರಡು ಭಾನುವಾರ ಅಪ್ಪ-ಮಗಳು ಕೂತು ಉಜ್ಜಿದೆವು. ಮೂರನೆಯ ಭಾನುವಾರ ಆ ತಂತಿ ಸರಿಯಾಗಿ ತನ್ನ ಶ್ರುತಿಗೆ ಬಂತು.

ಓದು ಹಾಳಾಗುತ್ತದೆಂದು ಹೆದರಿದ್ದೆ. ಹೊಳಪು ಕಂಡು ಮೋಸಹೋಗಬಾರದು, ದೋಷ ಕಂಡು ಓಡಲೂಬಾರದು ಎಂಬ ಪಾಠವನ್ನು ಅವಳು ಆಗಲೇ ಓದಿ ಮುಗಿಸಿದ್ದಳು.