ಅಜ್ಜನ ಹಾಯಿ, ಮಾವನ ಮೋಟರು

ಮೇ ಕೊನೆಯ ವಾರ ಸೋದರಮಾವನ ಫೋನು. "ಮೋಟರು ಕೈಕೊಟ್ಟಿದೆ, ಒಂದ್ಸಲ ಬಾ ತಮಾ." ಬಾ ಅಂದ್ರೆ ದುಡ್ಡು ತಗೊಂಡು ಬಾ ಅಂತ. ನಮ್ಮ ಮನೇಲಿ ಅದನ್ನು ಯಾರೂ ಬಾಯಿಬಿಟ್ಟು ಹೇಳೋದಿಲ್ಲ. ರಾತ್ರಿ ಬಸ್ಸಿಗೆ ಅಂಕೋಲೆಗೆ ಹೊರಟೆ.

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ದೊಡ್ಡ ಬೋಟುಗಳಿಗೆ ಸಮುದ್ರ ಬಂದ್. 10 ಎಚ್‌ಪಿ ಒಳಗಿನ ಮೋಟರಿನ ಸಣ್ಣ ದೋಣಿಗಳಿಗೆ ವಿನಾಯಿತಿ. ಮಾವನಂಥವರ ಮೀನಿಗೆ ಒಳ್ಳೆ ರೇಟು ಸಿಗೋದು ಆಗಲೇ. ಆಗಲೇ ಕೆಡಬೇಕೆ ಈ ಮೋಟರು!

ಕೇಣಿ ದಂಡೆಯಲ್ಲಿ ಐದಾರು ದೋಣಿಯವರು ಮೋಟರಿನ ಟೊಪ್ಪಿ ತೆಗೆದು ಸುತ್ತ ಕೂತಿದ್ರು. ನಮ್ಮ ಆಫೀಸಲ್ಲಿ ಸರ್ವರ್ ಡೌನ್ ಆದಾಗಿನ ದೃಶ್ಯವೇ, ಬೀಡಿ ಹೊಗೆಯೊಂದು ಹೆಚ್ಚು.

"ಪೆಟ್ರೋಲಲ್ಲಿ ಶುರು ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಹಾಕ್ಬೇಕು. ನಿಂಗೆ ಯಾವಾಗ್ಲೂ ಅವಸರ."

"ಅದಲ್ಲ ಮಾರಾಯ. ದಡಕ್ಕೆ ಬಂದ್ಮೇಲೆ ಸಿಹಿನೀರಲ್ಲಿ ಓಡಿಸ್ದೇ ಇದ್ರೆ ಒಳಗೆ ಉಪ್ಪು ಕಟ್ತದೆ. ತಂಪು ಮಾಡೋ ನೀರಿಗೆ ದಾರಿಯೇ ಇಲ್ಲ, ಪಿಸ್ಟನ್ ಸುಡದೇ ಇನ್ನೇನು?"

ಮಾವ ತಲೆ ತಗ್ಗಿಸಿದ್ದ. ಆಗ ಅಜ್ಜನ ಜೊತೆ ಕಡಲಿಗೆ ಹೋಗ್ತಿದ್ದ ಮುದುಕರೊಬ್ಬರು ಕೇಳಿದರು, "ಗಾಳಿಗೆ ಪ್ಲಗ್ಗು ಇತ್ತೇನ್ರಾ?"

ಅಷ್ಟೇ ಸಾಕಾಯ್ತು, ಮಾತು ಹಾಯಿ ಕಾಲಕ್ಕೆ ಹೋಯ್ತು. ಬೆಳಗಿನ ಜಾವ ನೆಲದ ಕಡೆಯಿಂದ ಬೀಸೋ ಗಾಳಿ ದೋಣಿಯನ್ನು ಹೊರಗೆ ಒಯ್ಯುತ್ತಿತ್ತು. ಮಧ್ಯಾಹ್ನ ಕಡಲ ಗಾಳಿ ವಾಪಸ್ ತರುತ್ತಿತ್ತು. ಗಾಳಿ ಸತ್ತರೆ ಹುಟ್ಟು ಹಾಕೋದೇ ಗತಿ. ಒಮ್ಮೆ ಬೇಲೆಕೇರಿ ಸೇರುವಷ್ಟರಲ್ಲಿ ಕತ್ತಲಾಗಿ ಮೀನೆಲ್ಲ ಹಾಳಾಗಿತ್ತಂತೆ. ಇದನ್ನೂ ಅವರು ನಗ್ತಾನೇ ಹೇಳಿದರು. ಆ ದಿನ ಮನೇಲಿ ಒಲೆ ಉರಿಯಿತೋ ಇಲ್ಲವೋ ಅಂತ ಕೇಳೋಕೆ ನನಗೆ ಬಾಯಿ ಬರಲಿಲ್ಲ.

ಅಜ್ಜನ ಮರದ ದೋಣಿ ಮನೆ ಹಿಂದೆ ತೆಂಗಿನ ಮಡಲಿನ ಕೆಳಗಿದೆ. ಅದನ್ನು ರೆಸಾರ್ಟಿನವರೊಬ್ಬರು ಅಂಗಳದಲ್ಲಿ ಹೂಕುಂಡ ಇಡಲಿಕ್ಕೆ ಕೇಳ್ತಿದ್ದಾರೆ, ಕೊಟ್ಟರೆ ಮೋಟರಿನ ಅರ್ಧ ದುಡ್ಡಾಗ್ತದೆ ಅಂದ ಮಾವ.

"ಮಾರ್ಬೇಡ ಮಾವ, ಪೂರ್ತಿ ನಾನೇ ಕೊಡ್ತೇನೆ."

"ದುಡ್ಡು ಕೊಡ್ತೀಯ. ವರ್ಷಾ ಗೇರೆಣ್ಣೆ ಹಚ್ಚೋಕೆ ಬರ್ತೀಯಾ?"

ಉತ್ತರ ಇರಲಿಲ್ಲ.

ಮರುದಿನ ಪಾರ್ಟಿಗೆಂದು ಕಾರವಾರಕ್ಕೆ ಹೋದ್ವಿ. ಅಂಗಡಿಯವ "ಮಧ್ಯಾಹ್ನ ಬನ್ನಿ" ಅಂದಿದ್ದಕ್ಕೆ ಟಾಗೋರ್ ಬೀಚಲ್ಲಿ ಕೂತೆವು. ಇಪ್ಪತ್ತೆರಡರ ಟಾಗೋರ್ ಇಲ್ಲಿ ಬೆಳದಿಂಗಳಲ್ಲಿ ಕಾಳಿ ನದಿಯ ಮೇಲೆ ದೋಣಿಯಲ್ಲಿ ಹೋಗಿ, ಇಳಿತದ ಜೊತೆ ಮರಳಿದ್ದನ್ನು ಬರೆದಿದ್ದಾರೆ. ಮಾವನಿಗೆ ಹೇಳಿದೆ. "ದೋಣಿ ಯಾರದ್ದಂತೆ?" ಅಂದ.

ಸಂಜೆ ಗೇರೆಣ್ಣೆ ಡಬ್ಬಿ ಹಿಡಿದು ಅಜ್ಜನ ದೋಣಿ ಹತ್ತಿರ ಕೂತೆ. ಕೈಗೆ ಪ್ಲಾಸ್ಟಿಕ್ ಕಟ್ಟಿಕೋ ಅಂತ ಮಾವ ಹೇಳಿದ್ದ, ಕೇಳಲಿಲ್ಲ. ಒಂದು ಬದಿ ಮುಗಿಯುವಷ್ಟರಲ್ಲಿ ಬೆರಳು ಉರಿಯತೊಡಗಿತು. ಬೆಂಗಳೂರಲ್ಲಿ ವಾರವಿಡೀ ಚರ್ಮ ಸುಲಿದ ಬೆರಳಲ್ಲೇ ಟೈಪ್ ಮಾಡಿದೆ. ಇನ್ನೊಂದು ಬದಿ ಹಾಗೇ ಇದೆ. ದೀಪಾವಳಿವರೆಗೆ ಯಾರಿಗೂ ಕೊಡೋದಿಲ್ಲ ಅಂದಿದ್ದಾನೆ ಮಾವ.