ರೌಟರಿನ ಯಜಮಾನಿಕೆ

ಮಧ್ಯಮವರ್ಗದ ಮನೆಗಳಲ್ಲಿ ಯಂತ್ರಗಳಿಗೆ ಸಲ್ಲುವ ಮರ್ಯಾದೆಯೇ ಬೇರೆ. ಫ್ರಿಜ್ಜಿನ ನೆತ್ತಿಗೆ ಕಸೂತಿ ಹಾಕಿದ ಹೊದಿಕೆ, ಮಿಕ್ಸಿಗೆ ಪ್ಲಾಸ್ಟಿಕ್ ಕವರು, ವಾಷಿಂಗ್ ಮಷೀನಿಗೆ ಜಿಪ್ ಇರುವ ಅಂಗಿ. ಟಿವಿಯ ರಿಮೋಟನ್ನೂ ಬರಿಮೈಯಲ್ಲಿ ಬಿಡುವುದಿಲ್ಲ. ಇಷ್ಟೆಲ್ಲದರ ನಡುವೆ ಮೈಮೇಲೆ ಒಂದೆಳೆ ದಾರವೂ ಇಲ್ಲದೆ, ಸ್ವಿಚ್ ಬೋರ್ಡಿನ ಪಕ್ಕ ಎರಡು ಮೊಳೆಗೆ ಜೋತುಬಿದ್ದು, ಹಗಲೂ ರಾತ್ರಿ ಕಣ್ಣು ಮಿಟುಕಿಸುತ್ತಿರುವುದು ರೌಟರ್ ಒಂದೇ. ಆಯುಧಪೂಜೆಯ ದಿನ ಅಮ್ಮ ಈಳಿಗೆಮಣೆಗೆ, ಗ್ರೈಂಡರಿಗೆ, ಸ್ಕೂಟರಿಗೆ, ನನ್ನ ಲ್ಯಾಪ್‌ಟಾಪಿಗೆ ಕುಂಕುಮ ಇಟ್ಟುಕೊಂಡು ಬಂದು, ರೌಟರಿನ ಮುಂದೆ ಮಾತ್ರ ಬಟ್ಟಲು ಹಿಡಿದು ನಿಲ್ಲುತ್ತಾಳೆ. "ಇದು ನಮ್ಮದೇನೋ, ಕೇಬಲ್‌ನೋರದೋ?" ಎಂದು ಪ್ರತಿ ವರ್ಷ ಕೇಳುತ್ತಾಳೆ. ಸರಿಯಾದ ಉತ್ತರ ನನಗೆ ತಿಳಿದದ್ದು ಮಗಳು ಎಸ್‌ಎಸ್‌ಎಲ್‌ಸಿಗೆ ಬಂದ ಮೇಲೆ.

ಎಸ್‌ಎಸ್‌ಎಲ್‌ಸಿ ಪರೀಕ್ಷೆ ಬರೆಯುವುದು ಮಗುವಾದರೂ ಅದಕ್ಕೆ ಕೂರುವುದು ಇಡೀ ಮನೆ. ಟಿವಿಯ ದನಿ ತಗ್ಗುತ್ತದೆ. ಮದುವೆ ಮುಂಜಿಗೆ ಒಬ್ಬರು ಹೋದರೆ ಇನ್ನೊಬ್ಬರು ಉಳಿಯುತ್ತಾರೆ. ನಮ್ಮಲ್ಲಿ ಇದರ ಜೊತೆಗೆ ಹೊಸದೊಂದು ಕಟ್ಟಳೆಯೂ ಬಂತು: ರಾತ್ರಿ ಹತ್ತರ ಮೇಲೆ ಮನೆಯಲ್ಲಿ ನೆಟ್ ಇರಕೂಡದು. ಸ್ವಿಚ್ ಆರಿಸಿದರೆ ಮುಗಿಯಿತಲ್ಲ ಎಂದೆ. ಆದರೆ ಹೆಂಡತಿಗೆ ಹತ್ತೂವರೆಗೆ ಹೊರದೇಶದವರ ಜೊತೆ ಆಫೀಸಿನ ಮೀಟಿಂಗ್. ಅವಳ ಲ್ಯಾಪ್‌ಟಾಪ್ ಒಂದನ್ನು ಬಿಟ್ಟು ಉಳಿದದ್ದಕ್ಕೆಲ್ಲ ಹೊತ್ತು ಕಟ್ಟಬೇಕು. "ಮಗೂಗೆ ಮಾತ್ರ ಅಂದ್ರೆ ಅದು ಮುಖ ಊದಿಸ್ಕೊಳ್ಳತ್ತೆ ರೀ, ಎಲ್ಲರ ಫೋನೂ ಬಂದ್ ಆಗ್ಲಿ" ಎಂದಳು. ರೌಟರಿನೊಳಗೆ ಹೊಕ್ಕು ಸೆಟ್ಟಿಂಗ್ ಬದಲಾಯಿಸಿದರೆ ಆಯಿತು, ಐದು ನಿಮಿಷದ ಕೆಲಸ ಎಂದು ಆಫೀಸಿನಲ್ಲಿ ಯಾರೋ ಹೇಳಿದ್ದರು.

ಒಳಗೆ ಹೋಗುವ ದಾರಿ ರೌಟರಿನ ಬೆನ್ನಮೇಲೆ ಬರೆದಿರುತ್ತದೆ. ಮೊಳೆಯಿಂದ ಬಿಡಿಸಿ ತಿರುಗಿಸಿದರೆ, ಸಾಸಿವೆ ಕಾಳಿಗಿಂತ ಸಣ್ಣ ಅಕ್ಷರದ ಒಂದು ಚೀಟಿ. ನಾನು ಕನ್ನಡಕ ಏರಿಸಿದೆ, ಇಳಿಸಿದೆ. ಕೊನೆಗೆ ಮಗಳು ಫೋನಿನಲ್ಲಿ ಫೋಟೋ ತೆಗೆದು ಹಿಗ್ಗಿಸಿ ಓದಿದಳು: 192.168.1.1. ಯೂಸರ್ ಹೆಸರು ಅಡ್ಮಿನ್, ಪಾಸ್‌ವರ್ಡೂ ಅಡ್ಮಿನ್. ತನ್ನ ರಾತ್ರಿಗಳಿಗೇ ಕುತ್ತು ತರುವ ಕೆಲಸವಾದರೂ ಬಹಳ ಉತ್ಸಾಹದಿಂದಲೇ ಓದಿದಳು.

ಪಕ್ಕದ ಮನೆಯವರ ರೌಟರಿನ ಬೆನ್ನಲ್ಲೂ ಇದೇ ಅಂಕಿ ಇದ್ದರೆ ಆಶ್ಚರ್ಯವಿಲ್ಲ. ಅಂತರಜಾಲ ಹುಟ್ಟಿದಾಗ ಪ್ರತಿ ಯಂತ್ರಕ್ಕೂ ಒಂದೊಂದು ಬೇರೆ ವಿಳಾಸ ಇರಲಿ ಎಂದುಕೊಂಡಿದ್ದರು. ಅವರು ಹಾಕಿಕೊಂಡ ಲೆಕ್ಕದಲ್ಲಿ ಒಟ್ಟು ಸಿಗುವುದು ಸುಮಾರು 429 ಕೋಟಿ ವಿಳಾಸ. ಇದು ಎಲ್ಲರಿಗೂ ಸಾಲದು ಎಂದು 1990ರ ದಶಕದಲ್ಲಿ ಹೊಳೆಯಿತು. 1996ರ ಫೆಬ್ರವರಿಯಲ್ಲಿ ಒಂದು ನಿಯಮ ಬಂತು: ಕೆಲವು ಅಂಕಿಗಳನ್ನು ಮನೆಯೊಳಗಿನ, ಕಚೇರಿಯೊಳಗಿನ ಬಳಕೆಗೆ ಬಿಟ್ಟುಬಿಡೋಣ, ಅವು ಹೊಸಿಲು ದಾಟುವುದು ಬೇಡ. 192.168ರಿಂದ ಶುರುವಾಗುವವೆಲ್ಲ ಆ ಪೈಕಿ. ಪ್ರತಿ ಮನೆಗೂ ಒಂದು ದೇವರಮನೆ ಇದ್ದ ಹಾಗೆ. ಒಳಗಿನವರಿಗೆ ಅಷ್ಟು ಹೇಳಿದರೆ ಸಾಕು, ಬೀದಿಯಲ್ಲಿ ನಿಂತು ದೇವರಮನೆ ಎಲ್ಲಿ ಎಂದು ಕೇಳಿದರೆ ಯಾರೂ ದಾರಿ ತೋರಿಸಲಾರರು. ಹೊರಲೋಕದ ಮುಂದೆ ಮನೆಮಂದಿಯ ಪರವಾಗಿ ನಿಲ್ಲುವುದು ರೌಟರ್ ಒಂದೇ. ನಾಲ್ಕು ಫೋನು, ಎರಡು ಲ್ಯಾಪ್‌ಟಾಪು, ಒಂದು ಟಿವಿ, ಎಲ್ಲವೂ ಹೊರಗೆ ಹೋಗುವುದು ಅದರ ಹೆಸರಿನಲ್ಲಿ.

ಅಂಥ ಬಾಗಿಲಿಗೆ ಹೋಗಿ ಅಡ್ಮಿನ್, ಅಡ್ಮಿನ್ ಎಂದೆ. ತಪ್ಪು ಎಂದಿತು. ದೊಡ್ಡಕ್ಷರದಲ್ಲಿ ಬರೆದೆ, ಮಗಳು ಹೇಳಿದ ಹಾಗೆ ಮುಂದೆ 123 ಸೇರಿಸಿದೆ. ಪರದೆ ಬೂದುಬಣ್ಣಕ್ಕೆ ತಿರುಗಿ, ಹೆಚ್ಚು ಸಲ ತಪ್ಪು ಮಾಡಿದ್ದೀರಿ, ಅರವತ್ತು ಸೆಕೆಂಡು ಬಿಟ್ಟು ಬನ್ನಿ ಎಂದು ಅಂಕಿ ಇಳಿಸುತ್ತಾ ಕೂತಿತು. ಮಗಳ ಹೊತ್ತನ್ನು ಅಳೆಯಲು ಹೊರಟ ನನ್ನ ಹೊತ್ತನ್ನು ಅದು ಸೆಕೆಂಡಿನ ಲೆಕ್ಕದಲ್ಲಿ ಅಳೆಯುತ್ತಿತ್ತು.

ಕೇಬಲ್ ಆಫೀಸಿಗೆ ಫೋನು ಮಾಡಿದೆ.

"ಹಾಕ್ದೋನು ನಮ್ಮ ಹಳೇ ಹುಡುಗ ಸಾರ್. ಕೆಲಸ ಬಿಟ್ಟು ಹೋದ. ಪಾಸ್‌ವರ್ಡ್ ಅವನೇ ಬದಲಾಯಿಸಿರ್ತಾನೆ."

"ಸರಿ, ಈಗ ನಾನೇನು ಮಾಡ್ಲಿ?"

"ನಿಮಗೇನಾಗ್ಬೇಕು ಹೇಳಿ. ವೈಫೈ ಹೆಸರು ಬದಲಾಯಿಸ್ಬೇಕಾ? ಇಲ್ಲಿಂದ್ಲೇ ಮಾಡ್ಕೊಡ್ತೀವಿ."

"ಅಲ್ಲಿಂದ್ಲೇನಾ?"

"ನಿಮ್ಮ ರೌಟರ್ ನಮಗೆ ಇಲ್ಲಿ ಕಾಣುತ್ತಲ್ಲ ಸಾರ್."

ಅವನು ಸುಳ್ಳು ಹೇಳಲಿಲ್ಲ. ಊರೆಲ್ಲ ಹರಡಿರುವ ರೌಟರುಗಳನ್ನು ಕಂಪನಿಯವರು ಕೂತಲ್ಲಿಂದಲೇ ನೋಡಿಕೊಳ್ಳಲಿ ಎಂದು ಟಿಆರ್-069 ಎಂಬ ಏರ್ಪಾಟು 2004ರಲ್ಲೇ ಬಂದಿದೆ. ಕೆಟ್ಟದ್ದೇನೂ ಅಲ್ಲ, ಸಣ್ಣ ಪುಟ್ಟ ರಿಪೇರಿಗೆಲ್ಲ ಮನೆಗೆ ಜನ ಬರುವುದು ತಪ್ಪುತ್ತದೆ. ಆದರೂ ನನ್ನ ಗೋಡೆಯ ಮೇಲಿರುವ ಡಬ್ಬಿಯ ಒಳಕೋಣೆ ಎಲ್ಲೋ ಕೂತವನಿಗೆ ಕಾಣುತ್ತದೆ, ಎದುರಿಗೆ ನಿಂತ ನನಗೆ ಕಾಣುವುದಿಲ್ಲ ಎಂದರೆ ಮನಸ್ಸು ಎಲ್ಲೋ ಒಂದು ಕಡೆ ಹುಳ್ಳಗಾಗುತ್ತದೆ. ಮಾತು ಮುಗಿಸುವ ಮುನ್ನ ಅವನು ಅಮ್ಮನ ಪ್ರಶ್ನೆಗೂ ಉತ್ತರ ಕೊಟ್ಟ: "ಡಬ್ಬಿ ಕಂಪನೀದು ಸಾರ್. ಕನೆಕ್ಷನ್ ಬಿಟ್ರೆ ವಾಪಸ್ ಕೊಡ್ಬೇಕು."

ಕೆಲಸ ಬಿಟ್ಟುಹೋದ ಆ ಹುಡುಗನ ಮೇಲೆ ಎರಡು ದಿನ ಸಿಟ್ಟಿತ್ತು. ಯೋಚಿಸಿದರೆ ಅವನು ಮಾಡಿದ್ದು ಸರಿಯಾದ ಕೆಲಸವೇ. ಅಡ್ಮಿನ್ ಎಂಬ ಪಾಸ್‌ವರ್ಡನ್ನು ಹಾಗೇ ಬಿಟ್ಟರೆ ಏನಾಗುತ್ತದೆಂದು ಲೋಕ ನೋಡಿದ್ದು 2016ರಲ್ಲಿ. ಮಿರಾಯ್ ಎಂಬ ಕುತಂತ್ರಾಂಶ ಜಗತ್ತಿನ ರೌಟರು, ಕಾವಲು ಕ್ಯಾಮೆರಾಗಳ ಬಾಗಿಲು ಬಡಿಯುತ್ತಾ ಹೊರಟಿತು. ಅದರ ಜೋಳಿಗೆಯಲ್ಲಿ ದೊಡ್ಡ ವಿದ್ಯೆಯೇನೂ ಇರಲಿಲ್ಲ. ಕಾರ್ಖಾನೆಯವರು ಇಟ್ಟು ಕಳಿಸುವ ಹೆಸರು ಮತ್ತು ಪಾಸ್‌ವರ್ಡುಗಳ ಅರವತ್ತು ಚಿಲ್ಲರೆ ಜೋಡಿಗಳ ಒಂದು ಪಟ್ಟಿ, ಅಷ್ಟೆ. ಅದನ್ನು ಬರೆದವರು ಕಾಲೇಜು ವಯಸ್ಸಿನ ಹುಡುಗರು. ಮೈನ್‌ಕ್ರಾಫ್ಟ್ ಆಟದ ಸರ್ವರುಗಳ ನಡುವಿನ ಪೈಪೋಟಿಗೂ ಅದಕ್ಕೂ ನಂಟಿತ್ತು. ಆ ತಂತ್ರಾಂಶ ಬಹಿರಂಗವಾಗಿ ಕಂಡವರ ಕೈಗೆಲ್ಲ ಸಿಕ್ಕಿ, ಅಕ್ಟೋಬರ್ 21ರಂದು ಜಾಲತಾಣಗಳ ಹೆಸರಿಗೆ ವಿಳಾಸ ಹುಡುಕಿಕೊಡುವ ಡೈನ್ ಎಂಬ ಅಮೆರಿಕದ ಕಂಪನಿಯ ಮೇಲೆ ಎರಗಿದಾಗ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥವೂ ಹಲವರಿಗೆ ಸಿಗದಂತಾದವು. ಆಮೇಲೆ ಸರ್ಕಾರಗಳು ಎಚ್ಚೆತ್ತವು. ಕ್ಯಾಲಿಫೋರ್ನಿಯಾದಲ್ಲಿ 2020ರಿಂದ, ಬ್ರಿಟನ್ನಿನಲ್ಲಿ 2024ರ ಏಪ್ರಿಲ್‌ನಿಂದ, ಎಲ್ಲ ಡಬ್ಬಿಗಳಿಗೂ ಒಂದೇ ಪಾಸ್‌ವರ್ಡ್ ಇಟ್ಟು ಮಾರುವುದು ಕಾನೂನಿಗೆ ವಿರುದ್ಧ. ನಮ್ಮ ಕೇಬಲ್ ಹುಡುಗ ಯಾರೂ ಹೇಳದೆಯೇ ಬ್ರಿಟನ್ನಿನ ಕಾನೂನು ಪಾಲಿಸಿದ್ದ. ಹೊಸ ಪಾಸ್‌ವರ್ಡನ್ನು ನಮಗೊಂದು ಮಾತು ಹೇಳಿ ಹೋಗಿದ್ದರೆ ಅವನ ಹೆಸರಿನಲ್ಲಿ ಒಂದು ಅರ್ಚನೆ ಮಾಡಿಸುತ್ತಿದ್ದೆ.

ಪಾಸ್‌ವರ್ಡ್ ಎಂದರೆ ಕಳ್ಳರನ್ನು ಹೊರಗಿಡುವ ಉಪಾಯ ಎಂದು ನಾವು ತಿಳಿದಿದ್ದೇವೆ. ಕಂಪ್ಯೂಟರಿಗೆ ಅದು ಮೊದಮೊದಲು ಬಂದದ್ದು ಕಳ್ಳರಿಗಾಗಿ ಅಲ್ಲ, ಮನೆಯವರಿಗಾಗಿ. 1960ರ ಸುಮಾರಿನಲ್ಲಿ ಅಮೆರಿಕದ ಎಂಐಟಿಯಲ್ಲಿ ಕಂಪ್ಯೂಟರ್ ಎಂದರೆ ಒಂದು ಕೋಣೆ ತುಂಬುವ ಯಂತ್ರ. ರಂಧ್ರ ಕೊರೆದ ಕಾರ್ಡುಗಳ ಕಟ್ಟನ್ನು ಕೊಟ್ಟು ಉತ್ತರಕ್ಕೆ ಗಂಟೆಗಟ್ಟಲೆ ಕಾಯಬೇಕು. ಫರ್ನಾಂಡೊ ಕೊರ್ಬಾಟೊ ಮತ್ತು ಜೊತೆಯವರು 1961ರಲ್ಲಿ ಸಿಟಿಎಸ್‌ಎಸ್ ಎಂಬ ಹೊಸ ಏರ್ಪಾಟು ತೋರಿಸಿದರು. ಯಂತ್ರದ ಹೊತ್ತನ್ನು ಚೂರು ಚೂರು ಮಾಡಿ ಹಲವರಿಗೆ ಸರದಿಯಲ್ಲಿ ಹಂಚುವುದು. ಸರದಿ ಎಷ್ಟು ಬೇಗ ತಿರುಗಿ ಬರುತ್ತದೆಂದರೆ ಪ್ರತಿಯೊಬ್ಬನಿಗೂ ಇಡೀ ಯಂತ್ರ ತನ್ನದೇ ಅನ್ನಿಸಬೇಕು. ಒಬ್ಬರ ಕಡತ ಇನ್ನೊಬ್ಬರಿಗೆ ಸಿಗದಿರಲಿ, ಯಾರು ಎಷ್ಟು ಹೊತ್ತು ಬಳಸಿದರೆಂಬ ಲೆಕ್ಕ ಇರಲಿ ಎಂದು ಒಬ್ಬೊಬ್ಬರಿಗೆ ಒಂದೊಂದು ಪಾಸ್‌ವರ್ಡ್ ಕೊಟ್ಟರು.

ಹೊತ್ತು ಹಂಚಿದ ಕಡೆ ಸಾಲದು ಎನ್ನುವವರು ಇದ್ದೇ ಇರುತ್ತಾರೆ. ಅಲನ್ ಶೆರ್ ಎಂಬ ಸಂಶೋಧನಾ ವಿದ್ಯಾರ್ಥಿಗೆ ಸಿಕ್ಕಿದ್ದು ವಾರಕ್ಕೆ 4 ಗಂಟೆ. ಅವನ ಕೆಲಸಕ್ಕೆ ಅದು ಎಲ್ಲಿಗೂ ಸಾಲದು. 1962ರ ಒಂದು ಶುಕ್ರವಾರ ರಾತ್ರಿ, ಎಲ್ಲರ ಪಾಸ್‌ವರ್ಡು ಇರುವ ಕಡತವನ್ನು ಅಚ್ಚು ಹಾಕು ಎಂದು ಯಂತ್ರಕ್ಕೇ ಒಂದು ಕಾರ್ಡು ಕೊಟ್ಟ. ಯಂತ್ರ ಮರುಮಾತಿಲ್ಲದೆ ಹಾಕಿಕೊಟ್ಟಿತು. ಶನಿವಾರ ಬೆಳಗ್ಗೆ ಹೋಗಿ ಹಾಳೆ ಎತ್ತಿಕೊಂಡು ಬಂದ. ಪಾಪ ಒಬ್ಬನ ತಲೆಗೇ ಬರದಿರಲಿ ಎಂದು ಇನ್ನೂ ಕೆಲವರಿಗೆ ಹಂಚಿದ. ಇದನ್ನೆಲ್ಲ ಅವನೇ ಬಹಳ ವರ್ಷಗಳ ಮೇಲೆ ಹೇಳಿಕೊಂಡ. 1966ರಲ್ಲಂತೂ ಕಳ್ಳತನದ ಅಗತ್ಯವೂ ಬೀಳಲಿಲ್ಲ: ಎರಡು ಕಡತಗಳು ಅದಲುಬದಲಾಗಿ, ದಿನದ ಸೂಚನೆ ಕಾಣಬೇಕಾದಲ್ಲಿ ಬಂದಬಂದವರಿಗೆಲ್ಲ ಎಲ್ಲರ ಪಾಸ್‌ವರ್ಡು ಕಾಣಿಸಿತು.

ನನಗೆ ಶೆರ್ ಇಷ್ಟವಾದ. ಅವನಿಗೆ ಯಾರ ಗುಟ್ಟೂ ಬೇಕಿರಲಿಲ್ಲ, ದುಡ್ಡೂ ಬೇಕಿರಲಿಲ್ಲ. ಬೇಕಿದ್ದದ್ದು ಇನ್ನೊಂದಿಷ್ಟು ಹೊತ್ತು. ನಮ್ಮ ಮನೆಯ ಹತ್ತು ಗಂಟೆಯ ಕಟ್ಟಳೆಯ ವಿಷಯದಲ್ಲಿ ಮಗಳ ಬೇಡಿಕೆಯೂ ಅಕ್ಷರಶಃ ಅದೇ.

ಮೂರನೆಯ ದಿನ ಕೇಬಲ್ ಆಫೀಸಿನ ಹೊಸ ಹುಡುಗನೇ ಫೋನು ಮಾಡಿದ. "ಹಿಂದ್ಗಡೆ ಸಣ್ಣ ತೂತಿದೆ ನೋಡಿ ಸಾರ್, ರೀಸೆಟ್ ಅಂತ. ಪಿನ್ ಹಾಕಿ ಹತ್ತು ಸೆಕೆಂಡ್ ಒತ್ತಿ ಹಿಡೀರಿ. ನಾಳೆ ಬಂದು ಸರಿ ಮಾಡ್ಕೊಡ್ತೀನಿ." ಅಮ್ಮ ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನುಗಳಲ್ಲಿ ಒಂದನ್ನು ಬಿಚ್ಚಿ ಕೊಟ್ಟಳು. ತೂತಿನೊಳಗೆ ಇಳಿಸಿದಾಗ ಒಂದು ಸಣ್ಣ ಟಿಕ್ ಎಂಬುದು ಕಿವಿಗಿಂತ ಮೊದಲು ಬೆರಳಿಗೆ ತಿಳಿಯಿತು. ಮಗಳು ಎಣಿಸಿದಳು. ಹತ್ತಕ್ಕೆ ಬರುವ ಹೊತ್ತಿಗೆ ಎಲ್ಲ ದೀಪಗಳೂ ಒಟ್ಟಿಗೆ ಆರಿ, ಪವರ್ ಒಂದು ಹೊತ್ತಿತು. ಆಮೇಲೆ ಹೊರಗಿನ ಲೈನ್ ಬಂದದ್ದನ್ನು ತೋರಿಸುವ ಪಿಒಎನ್ ದೀಪ ಮಿಟುಕಿ ಮಿಟುಕಿ ಹಸಿರಾಗಿ ನಿಂತಿತು.

ಈ ತೂತಿನ ಹಿಂದೆ ಒಂದು ತತ್ವವಿದೆ. ಪಾಸ್‌ವರ್ಡು, ಅರವತ್ತು ಸೆಕೆಂಡಿನ ಶಿಕ್ಷೆ, ಇವೆಲ್ಲ ದೂರದಿಂದ ಬರುವವರಿಗೆ. ಡಬ್ಬಿಯನ್ನು ಕೈಯಿಂದ ಮುಟ್ಟಬಲ್ಲವನನ್ನು ಅದು ಯಜಮಾನ ಎಂದೇ ಒಪ್ಪಿಕೊಳ್ಳುತ್ತದೆ, ಕಾಗದಪತ್ರ ಕೇಳುವುದಿಲ್ಲ. ಈಗ ಅಡ್ಮಿನ್, ಅಡ್ಮಿನ್ ಎಂದಾಗ ಬಾಗಿಲು ತೆರೆಯಿತು. ಒಳಗೆ ಮಾತ್ರ ಎಲ್ಲ ಖಾಲಿ. ವೈಫೈ ಹೆಸರಿಲ್ಲ, ಕಂಪನಿ ಕೊಟ್ಟ ಯೂಸರ್ ಐಡಿ ಇಲ್ಲ, ನೆಟ್ಟೂ ಇಲ್ಲ. ಮೂಲೆಯಲ್ಲಿ ತಾರೀಖು ಒಂದಿತ್ತು: 1970, ಜನವರಿ 1.

ಆ ತಾರೀಖಿಗೂ ಎಂಐಟಿಗೂ ನೆಂಟಸ್ತನವಿದೆ. ಸಿಟಿಎಸ್‌ಎಸ್ ಆದ ಮೇಲೆ ಕೊರ್ಬಾಟೊ ಮಲ್ಟಿಕ್ಸ್ ಎಂಬ ಇನ್ನೂ ದೊಡ್ಡ ಕೆಲಸಕ್ಕೆ ಕೈಹಾಕಿದ. ಅದರಲ್ಲಿದ್ದ ಬೆಲ್ ಲ್ಯಾಬ್ಸ್‌ನವರು 1969ರಲ್ಲಿ ಹೊರಬಂದರು. ಅವರ ಪೈಕಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು ಯೂನಿಕ್ಸ್ ಕಟ್ಟಿದರು. ಯೂನಿಕ್ಸ್ ದಾರಿಯಲ್ಲೇ ಲಿನಕ್ಸ್ ಬಂತು. ಇವತ್ತು ಮನೆಮನೆಯ ಎಷ್ಟೋ ರೌಟರುಗಳ ಒಳಗೆ ಓಡುವುದು ಅದೇ ಲಿನಕ್ಸ್. ಯೂನಿಕ್ಸ್ ವಂಶದವರಿಗೆ ಕಾಲ ಶುರುವಾಗುವುದೇ 1970ರ ಜನವರಿ 1ರಿಂದ. ನಮ್ಮ ರೌಟರಿನಂಥ ಅಗ್ಗದ ಡಬ್ಬಿಯಲ್ಲಿ ಗಡಿಯಾರಕ್ಕೆಂದು ಬ್ಯಾಟರಿ ಇರುವುದಿಲ್ಲ. ಕರೆಂಟು ಹೋಗಿ ಬಂದಾಗಲೆಲ್ಲ ಅದು ಹುಟ್ಟಿದ ದಿನಕ್ಕೆ ಹೋಗಿ ಕೂರುತ್ತದೆ, ನೆಟ್ ಬಂದ ಮೇಲೆ ಬೇರೆಯವರನ್ನು ಕೇಳಿ ಹೊತ್ತು ತಿಳಿಯುತ್ತದೆ. ಸ್ವಂತ ಗಡಿಯಾರವಿಲ್ಲದ ಇದಕ್ಕೆ ನಾನು ಎಸ್‌ಎಸ್‌ಎಲ್‌ಸಿ ಮಗುವಿನ ಹೊತ್ತು ಕಾಯುವ ಕೆಲಸ ಕೊಡಲು ಹೊರಟಿದ್ದೆ.

ಮಾರನೆಯ ದಿನ ಹುಡುಗ ಬಂದು ಯೂಸರ್ ಐಡಿ ಹಾಕಿದ. ಹೊಸ ಪಾಸ್‌ವರ್ಡನ್ನು ನನ್ನ ಕೈಯಲ್ಲೇ ಬರೆಸಿದ. ಎಲ್ಲಿ ಬರೆದಿಡುವುದು ಎಂಬ ಚರ್ಚೆ ನಡೆದು, ಕೊನೆಗೆ ಅಮ್ಮನ ಹಾಲಿನ ಲೆಕ್ಕದ ಪುಸ್ತಕವೇ ಗಟ್ಟಿಯಾಯಿತು. ಕಾಗದದ ಮೇಲೆ ಬರೆಯಬಾರದು ಎಂದು ಹೆಂಡತಿ ಆಕ್ಷೇಪ ಎತ್ತಿದಳು. ಕೊರ್ಬಾಟೊ ಮುದುಕನಾದ ಮೇಲೆ ತನ್ನ ಪಾಸ್‌ವರ್ಡುಗಳನ್ನೆಲ್ಲ ಮೂರು ಪುಟ ಟೈಪು ಮಾಡಿ ಇಟ್ಟುಕೊಂಡಿದ್ದ ಎಂದು ನಾನು ಹೇಳಿದೆ. ಅವಳು ಸುಮ್ಮನಾದಳು.

ಅವತ್ತು ರಾತ್ರಿ ಹತ್ತಕ್ಕೆ ಸರಿಯಾಗಿ ನೆಟ್ ನಿಂತಿತು. ಮೊದಲು ಕೂಗಿದವಳು ಅಮ್ಮ. ಊಟ ಮುಗಿಸಿ ಮಲಗಿಕೊಂಡು ಅವಳು ಫೋನಿನಲ್ಲಿ ಪ್ರವಚನ ಕೇಳುವ ಹೊತ್ತು ಅದೇ. "ಪರೀಕ್ಷೆ ಇರೋದು ಅವಳಿಗೆ ಕಣೋ, ನನಗಲ್ಲ!" ಮಗಳ ಕೋಣೆಯಿಂದ ಸದ್ದೇ ಇಲ್ಲ. ಅವಳ ಸಿಮ್ಮಿಗೆ ದಿನಕ್ಕೆ ಒಂದೂವರೆ ಜಿಬಿ ಬರುತ್ತದೆ, ರಾತ್ರಿ ಹನ್ನೆರಡಕ್ಕೆ ಮತ್ತೆ ತುಂಬಿಕೊಳ್ಳುತ್ತದೆ. ಸ್ವಲ್ಪ ಹೊತ್ತಿಗೆ ಅಮ್ಮನ ಕೋಣೆಯಲ್ಲಿ ಪ್ರವಚನ ನಿಂತಲ್ಲಿಂದ ಮುಂದುವರಿಯಿತು. ಮೊಮ್ಮಗಳು ಹಾಟ್‌ಸ್ಪಾಟ್ ಕೊಟ್ಟಿದ್ದಳು. "ಅರ್ಧ ಗಂಟೆ ಮಾತ್ರ ಅಜ್ಜಿ" ಎಂಬ ಷರತ್ತೂ ಕೇಳಿಸಿತು.

ಹಾಲಿನ ಲೆಕ್ಕದ ಪುಸ್ತಕ ಅಡುಗೆಮನೆಯ ಕಪಾಟಿನಲ್ಲೇ ಇರುತ್ತದೆ. ಕರೆಂಟು ಹೋಗಿ ಬಂದ ಒಂದು ಸಂಜೆ ರೌಟರಿನ ಪಾಸ್‌ವರ್ಡು ನೋಡಲು ತೆಗೆದೆ. ಅದರ ಕೆಳಗೆ ಅಮ್ಮನ ಗುಂಡಗಿನ ಅಕ್ಷರದಲ್ಲಿ ಇನ್ನೊಂದಿತ್ತು: ಮೊಮ್ಮಗಳ ಫೋನಿನದು. ಪಕ್ಕದಲ್ಲಿ "ಇವನಿಗೆ ಹೇಳಬಾರದು" ಎಂದು ಬರೆದು ಅಡಿಗೆರೆ ಎಳೆದಿದ್ದಳು. ನೋಡಿದೆ ಎಂದು ನಾನು ಯಾರಿಗೂ ಹೇಳಿಲ್ಲ. ಹತ್ತರ ಮೇಲೆ ನನಗೂ ಒಂದು ಅರ್ಧ ಗಂಟೆ ಬೇಕಾಗುತ್ತದೆ.