ಹೆಸರು ಬರೆದದ್ದೇ ತಪ್ಪಾಯಿತು

ಮನೆಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಬಸ್ ನಿಲ್ದಾಣದಿಂದ ಹಿಂತಿರುಗಿ ಬಂದವಳು ನಾನು. ಅಂಥವಳೇ ಕಚೇರಿಯ ಸರ್ವರಿನ ಬಾಗಿಲನ್ನು ರಾತ್ರಿಯಿಡೀ ತೆರೆದಿಟ್ಟೆನೆಂದರೆ ಯಾರು ನಂಬುತ್ತಾರೆ?

ಸರ್ವರಿನ ಕಾವಲುಗಾರನಿಗೆ ಫೈರ್‌ವಾಲ್ ಎಂದು ಹೆಸರು. ಯಾರನ್ನು ಒಳಗೆ ಬಿಡಬೇಕು, ಯಾರನ್ನು ತಡೆಯಬೇಕು ಎಂಬ ನಿಯಮಗಳ ಪಟ್ಟಿಯನ್ನು ನಮ್ಮ ಲಿನಕ್ಸ್ ಯಂತ್ರ ಪ್ರತಿ ಸಲ ಎದ್ದಾಗಲೂ ಓದಿಕೊಳ್ಳಬೇಕು. ಅಂದು ಸಂಜೆ ರೀಸ್ಟಾರ್ಟ್ ಮಾಡಿದೆ. ಎಲ್ಲ ಕೆಲಸವೂ ನೆಟ್ಟಗೆ ನಡೆಯಿತು. ಯಾರೂ ದೂರಲಿಲ್ಲ. ಬಾಗಿಲು ತೆರೆದಿದ್ದರೆ ದೂರುವವರಾದರೂ ಯಾರು?

ಬೆಳಿಗ್ಗೆ ನೋಡಿದರೆ ಐಪಿಟೇಬಲ್ಸ್‌ನಲ್ಲಿ ಒಂದು ನಿಯಮವೂ ಇಲ್ಲ! ಪಟ್ಟಿ ಖಾಲಿಯೆಂದರೆ ಎಲ್ಲರಿಗೂ ಪ್ರವೇಶ. 22ನೇ ಪೋರ್ಟಿನಲ್ಲಿ ಯಾರು ಯಾರೋ ರಾತ್ರಿಯಿಡೀ ಪಾಸ್‌ವರ್ಡ್ ಊಹಿಸುತ್ತಾ ಕದ ಬಡಿದಿದ್ದರು. ಪುಣ್ಯಕ್ಕೆ ಒಬ್ಬರೂ ಒಳಬಂದಿರಲಿಲ್ಲ. ನಡುಗುತ್ತಲೇ ಪಟ್ಟಿಯನ್ನು ಕೈಯಾರೆ ಓದಿಸಿದೆ, ತಕರಾರಿಲ್ಲದೆ ಓದಿತು. ಹಾಗಾದರೆ ರಾತ್ರಿ ಏನಾಗಿತ್ತು?

ಲಾಗ್ ಕೆದಕಿದಾಗ ಸಿಕ್ಕಿತು. ನೆನಪಿಗೆ ಸುಲಭವೆಂದು ಒಂದು ಸಾಲಿನಲ್ಲಿ ಐಪಿ ವಿಳಾಸದ ಅಂಕಿಗಳ ಬದಲು ಇನ್ನೊಂದು ಯಂತ್ರದ ಹೆಸರನ್ನು ನಾನೇ ಬರೆದಿದ್ದೆ. ಹೆಸರಿನಿಂದ ವಿಳಾಸ ತಿಳಿಯಲು ನೆಟ್‌ವರ್ಕ್ ಬೇಕು. ಕಾವಲುಗಾರ ಏಳುವುದೋ ನೆಟ್‌ವರ್ಕಿಗಿಂತ ಮೊದಲು. ಒಂದು ಸಾಲು ಅರ್ಥವಾಗದಿದ್ದರೆ ಇಡೀ ಪಟ್ಟಿಯನ್ನೇ ಬದಿಗಿಡುವುದು ಅವನ ಪದ್ಧತಿ.

ಹೆಸರು ಅಳಿಸಿ ಅಂಕಿ ಬರೆದೆ. ಮತ್ತೊಮ್ಮೆ ರೀಸ್ಟಾರ್ಟ್ ಮಾಡಿ, ನಿಯಮಗಳೆಲ್ಲ ಕಣ್ಣಾರೆ ಕಂಡಮೇಲೆಯೇ ಊಟದ ಡಬ್ಬಿ ತೆರೆದೆ. ಬೀಗ ಹಾಕಿದರೆ ಸಾಲದು, ಒಮ್ಮೆ ಜಗ್ಗಿ ನೋಡಬೇಕು ಎನ್ನುತ್ತಿದ್ದರು ನಮ್ಮಜ್ಜಿ.